ಬೀಜದ ಕೋಡು ಯಾವ ಬಳ್ಳಿಯದು?

(ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ತರಕಾರಿ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸುಗ್ಗಿ ಕೊಯ್ಲು ಮುಗಿದು ಗದ್ದೆಯಲ್ಲಿ ತರಕಾರಿ ಸಾಲು ಏಳುವ ಹೊತ್ತಿದು. ಬರುವಾಗ ನನ್ನ ಚಪ್ಪರದಿಂದ ಎರಡು ಅಲಸಂಡೆ ಎಲೆ ಕಿತ್ತು ತಂದಿದ್ದೇನೆ. ಒಂದು ಸರಿಯಾದದ್ದು. ಇನ್ನೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ನೋಡಿ. ನರಗಳ ಬದಿಯಲ್ಲಿ ಕಡು ಹಸಿರು ಪಟ್ಟಿ, ನರಗಳ ನಡುವೆ ಬಿಳಿಚಿದ ಹಸಿರು, ಅಲ್ಲಲ್ಲಿ ಹಪ್ಪಳದ ಹಾಗೆ ಉಬ್ಬಿದ ಗುಳ್ಳೆ. ತುದಿ ಸಪೂರವಾಗಿ ಕೆಳಕ್ಕೆ ಬಾಗಿದೆ. ಗಲ್ಫ್ ಹಣ ಬರತೊಡಗಿದ ಕಾಲದಲ್ಲಿ ನಮ್ಮ ಕಡೆ ಮನೆಗಳಿಗೆ ಚೂರುಕಲ್ಲಿನ ಮೊಸಾಯಿಕ್ ನೆಲ ಹಾಕಿಸುತ್ತಿದ್ದರಲ್ಲ, ಈ ರೋಗಕ್ಕೂ ಅದೇ ಹೆಸರು.

ಅಲಸಂಡೆಯನ್ನು ತುಳುವಿನಲ್ಲಿ ಲತ್ತಂಡೆ ಎನ್ನುತ್ತೇವೆ, ಮಲಯಾಳದಲ್ಲಿ ಪಯರ್. ಭಾಷೆ ಯಾವುದಾದರೂ ದೂರು ಒಂದೇ: ‘ಎಲೆ ಮುರುಟಿದೆ, ಏನು ಮದ್ದು ಹೊಡೆಯಲಿ?’ ಅಡಿಕೆ ಬೆಳೆಯುವವರು ನಾವು, ರೋಗ ಎಂದೊಡನೆ ಕೈ ಮೈಲುತುತ್ತಿನ ಕಡೆಗೇ ಹೋಗುತ್ತದೆ. ಅಡಿಕೆಯ ಕೊಳೆರೋಗದ ರೋಗಾಣು ಹೊರಗಿನಿಂದ ಕಾಯಿಯನ್ನು ಹೊಗುವಂಥದ್ದು, ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಮೊಸಾಯಿಕ್ ತರುವುದು ವೈರಸ್, ಕನ್ನಡದಲ್ಲಿ ನಂಜಾಣು. ಅದು ಎಲೆಯ ಜೀವಕೋಶದ ಒಳಗೇ ಇದ್ದು, ಆ ಕೋಶದ ಸಾಮಗ್ರಿಯಿಂದಲೇ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ರೋಗ ಹಿಡಿದ ಬಳ್ಳಿಯನ್ನು ಗುಣಪಡಿಸುವ ಸಿಂಪಡಣೆ ಯಾವ ಅಂಗಡಿಯಲ್ಲೂ ಇಲ್ಲ.

ವೈರಸ್ ಎಂಬುದೊಂದು ಇದೆ ಎಂದು ತಿಳಿದದ್ದೇ ಇಂಥ ಎಲೆಯಿಂದ. ಪಳ್ಳಿಕ್ಕರೆ ಕಡೆಯ ಹೊಗೆಸೊಪ್ಪಿನ ಗದ್ದೆಗಳನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಅದೇ ಹೊಗೆಸೊಪ್ಪಿನ ಮೊಸಾಯಿಕ್ ರೋಗದ ಎಲೆಯ ರಸವನ್ನು 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ತಂದಿತು. 1898ರಲ್ಲಿ ಹಾಲೆಂಡಿನ ಬೈಜರಿಂಕ್ ಅದನ್ನೇ ಮತ್ತೆ ಮಾಡಿ ನೋಡಿ, ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯದೇ ಎಂದರು.

ನಮ್ಮ ಅಲಸಂಡೆಯಲ್ಲಿ ಹೆಚ್ಚಾಗಿ ಕಾಣುವುದು ಹೇನು ಹರಡುವ ನಂಜಾಣುಗಳು. ಆಕಾರ ನೂಲಿನ ಎಳೆಯಂತೆ. ತುದಿಗೆ ತುದಿ ಜೋಡಿಸಿದರೆ ಒಂದು ಮಿಲಿಮೀಟರಿಗೆ ಸುಮಾರು 1,300 ಎಳೆ ಬೇಕು. ಹೇನು ಎಂದರೆ ಎಳೆಯ ಕುಡಿಗೆ, ಹೂವಿನ ತೊಟ್ಟಿಗೆ ಮುತ್ತುವ ಅದೇ ಕರಿಹೇನು. ಆದರೆ ಮುತ್ತಿ ಕುಳಿತ ಹೇನಿಗಿಂತ ಕೆಟ್ಟದ್ದು ಹಾದಿಹೋಕ ಹೇನು. ರೆಕ್ಕೆ ಬಂದ ಹೇನು ಎಲೆಯ ಮೇಲೆ ಇಳಿದು, ಇದು ತನಗೆ ಆಗುವ ಗಿಡವೇ ಎಂದು ಸೂಜಿಮೂತಿ ಚುಚ್ಚಿ ರುಚಿ ನೋಡುತ್ತದೆ. ಸಾರಿನ ಉಪ್ಪು ನೋಡಲು ನಾವು ಅಂಗೈಗೆ ಒಂದು ಹನಿ ಬಿಟ್ಟುಕೊಂಡ ಹಾಗೆ. ಆ ಕೆಲವು ಸೆಕೆಂಡುಗಳಲ್ಲೇ ನಂಜಾಣು ಅದರ ಮೂತಿಗೆ ಅಂಟುತ್ತದೆ, ಮುಂದಿನ ಬಳ್ಳಿಯನ್ನು ಚುಚ್ಚಿದಾಗ ಅಲ್ಲಿಗೆ ದಾಟುತ್ತದೆ. ಕೀಟನಾಶಕ ಹೇನನ್ನು ಕೊಲ್ಲುವುದು ನಿಜ, ಕೊಲ್ಲುವಷ್ಟರಲ್ಲಿ ಅದು ನಾಲ್ಕು ಬಳ್ಳಿಯ ರುಚಿ ನೋಡಿ ಆಗಿರುತ್ತದೆ. ಹೇನಿನ ಕಾಟಕ್ಕೆ ಬೂದಿ ಎರಚಿ, ಬೇವಿನೆಣ್ಣೆ ಹೊಡೆಯಿರಿ, ಬೇಡವೆನ್ನುವುದಿಲ್ಲ. ಮೊಸಾಯಿಕ್ ಅದರಿಂದ ನಿಲ್ಲುತ್ತದೆಂದು ಮಾತ್ರ ನಂಬಬೇಡಿ.

ಉದ್ದು, ಹೆಸರು ಬೆಳೆಗಳಲ್ಲಿ ಎಲೆ ಅರಸಿನದಂತೆ ಹಳದಿಯಾಗುವ ನಂಜು ರೋಗ ಬೇರೆ. ಅದನ್ನು ಹರಡುವುದು ಬಿಳಿನೊಣ. ಅದರ ಮೈಯೊಳಗೆ ಆ ನಂಜಾಣು ದಿನಗಟ್ಟಲೆ ಉಳಿಯುತ್ತದೆ, ಹಾಗಾಗಿ ಅಲ್ಲಿ ಕೀಟದ ಹತೋಟಿಗೆ ಒಂದಿಷ್ಟಾದರೂ ಅರ್ಥವಿದೆ.

ಹಾಗಾದರೆ ಮೊದಲ ಹೇನಿಗೆ ನಂಜು ಸಿಕ್ಕಿದ್ದು ಎಲ್ಲಿಂದ? ಇಲ್ಲಿ ನನ್ನದೇ ಪೆದ್ದುತನ ಹೇಳಬೇಕು. ನನ್ನ ಅಮ್ಮ ಚಪ್ಪರದ ಒಳ್ಳೆಯ ಬಳ್ಳಿಯೊಂದಕ್ಕೆ ಬಾಳೆನಾರು ಕಟ್ಟಿ, ಅದರ ಕೋಡನ್ನು ಯಾರೂ ಮುಟ್ಟಕೂಡದೆಂದು ತಾಕೀತು ಮಾಡುತ್ತಿದ್ದರು. ಒಣಗಿದ ಕೋಡು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಿತ್ತು. ಅಮ್ಮನ ಕಾಲದ ನಂತರ ನಾವು ಮೊಳದುದ್ದದ ಕೋಡುಗಳನ್ನೆಲ್ಲ ಪಲ್ಯ ಮಾಡಿ ತಿಂದೆವು. ಕೊನೆಗೆ ಮುರುಟು ಬಳ್ಳಿಯಲ್ಲಿ ಉಳಿದದ್ದು ತಾನಾಗಿ ಒಣಗಿತು, ಅದೇ ಬೀಜವಾಯಿತು. ಮರುವರ್ಷ ಎರಡೆಲೆಯ ಸಸಿ ಮೂರೆಲೆ ಬಿಡುವಾಗಲೇ ಅಲ್ಲೊಂದು ಇಲ್ಲೊಂದರಲ್ಲಿ ಮೊಸಾಯಿಕ್! ಹೂ ಬಿಡುವ ಮೊದಲೇ ರೋಗ ತಗುಲಿದರೆ ನಂಜಾಣು ಬೀಜದ ಮೊಳಕೆಯೊಳಗೆ ಸೇರುತ್ತದೆ. ಎಲ್ಲ ಬೀಜಕ್ಕೂ ಅಲ್ಲ, ಕೆಲವಕ್ಕೆ. ಆ ಕೆಲವೇ ಸಾಕು, ಉಳಿದ ಕೆಲಸವನ್ನು ಹೇನು ಮಾಡುತ್ತದೆ. ಬೀಜ ಕೈಗೆ ತೆಗೆದುಕೊಂಡರೆ ಗುಂಡಗೆ, ಹೊಳಪಾಗಿ, ಏನೂ ಕುಂದಿಲ್ಲದಂತೆ ಇರಬಹುದು. ಹಾಗಾಗಿ ಬೀಜ ನೋಡಿ, ಕೋಡು ನೋಡಿ ಆರಿಸಿದರೆ ಸಾಲದು. ಸಸಿಯಿಂದ ಹಿಡಿದು ಕೋಡು ಒಣಗುವ ತನಕ ಎಲೆಯಲ್ಲಿ ಮಚ್ಚೆ ಕಾಣದ ಬಳ್ಳಿಗೆ ನಾರು ಕಟ್ಟಿ.

ಮಚ್ಚೆಯ ಸಸಿ ಕಂಡ ದಿನವೇ ಕೀಳಿರಿ. ಕಿತ್ತದ್ದನ್ನು ಬದುವಿನ ಮೇಲೆ ಎಸೆಯಬೇಡಿ. ಬಾಡುವ ಗಿಡ ಬಿಟ್ಟು ಹೇನು ಪಕ್ಕದ ಸಾಲಿಗೇ ಹೊರಡುತ್ತದೆ. ಹೂಳಿರಿ, ಇಲ್ಲವೇ ಸುಡಿರಿ.

ಅಲಸಂಡೆ ಮೊಸಾಯಿಕ್ ವೈರಸ್ ಕ್ಯಾನ್ಸರಿಗೆ ಮದ್ದಂತೆ, ಮೊಬೈಲಿನಲ್ಲಿ ಓದಿದೆ ಎಂದು ಒಬ್ಬರು ಆಗ ಕೇಳಿದರು. ಅದು ಇದಲ್ಲ. ಆ ಹೆಸರಿನ ವೈರಸ್ 1959ರಲ್ಲಿ ನೈಜೀರಿಯಾದಲ್ಲಿ ವರದಿಯಾದದ್ದು, ಎಲೆ ತಿನ್ನುವ ದುಂಬಿಗಳು ಹರಡುವಂಥದ್ದು, ಗುಂಡಗಿನದು. ಅದರ ವಂಶವಾಹಿಯಾದ ಆರ್‌ಎನ್‌ಎ ಎರಡು ತುಂಡು, ಎರಡೂ ಬೇರೆ ಬೇರೆ ಕಣಗಳೊಳಗೆ. ಬೀಗ ಒಂದು ಚೀಲದಲ್ಲಿ, ಕೀಲಿಕೈ ಇನ್ನೊಂದರಲ್ಲಿ ಇದ್ದ ಹಾಗೆ. ಎರಡೂ ಸೇರಿದರೆ ಮಾತ್ರ ಗಿಡಕ್ಕೆ ರೋಗ. ಆ ಕಣವನ್ನು ಕ್ಯಾನ್ಸರ್ ಗೆಡ್ಡೆಗೆ ಚುಚ್ಚಿದರೆ ದೇಹದ ರೋಗನಿರೋಧಕ ಶಕ್ತಿ ಎಚ್ಚರಗೊಳ್ಳುವುದನ್ನು ಇಲಿಗಳಲ್ಲಿ, ಸಾಕುನಾಯಿಗಳಲ್ಲಿ ನೋಡಿದ್ದಾರೆ. ಮನುಷ್ಯರಿಗೆ ಮದ್ದಾಗಿ ಬಂದಿಲ್ಲ. ಮುರುಟು ಎಲೆಯ ಕಷಾಯ ಮಾಡಿ ಕುಡಿಯಲು ಹೊರಡಬೇಡಿ, ಮಾರಾಯರೇ.

ರೋಗದ ಬಳ್ಳಿಯ ಕೋಡು ತಿನ್ನಬಹುದೇ ಎಂದು ಆ ಅಕ್ಕ ಕೇಳುತ್ತಿದ್ದಾರೆ. ಧಾರಾಳವಾಗಿ ತಿನ್ನಬಹುದು, ಈ ನಂಜು ಗಿಡದ್ದು, ಮನುಷ್ಯರಿಗೆ ತಗುಲುವುದಿಲ್ಲ. ಅಂಥ ಕೋಡನ್ನೇ ಪಲ್ಯಕ್ಕೆ ಹಾಕಿ, ನಾರು ಕಟ್ಟಿದ ಬಳ್ಳಿಯದನ್ನು ಬಿಡಿ. ಈ ಎರಡು ಎಲೆಗಳನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ, ಹತ್ತಿರದಿಂದ ನೋಡಿ.