ಹಳೆಯ ಏರ್‌ಶೋ ಫೋಟೊ: ವೇಷ ಯಾವುದು, ವೇಷಧಾರಿ ಯಾರು?

[ತೆರೆಯ ಮೇಲೆ: ಬಣ್ಣ ಮಾಸಿದ ನಾಲ್ಕು-ಆರು ಇಂಚಿನ ಪ್ರಿಂಟ್. ಎರಡು ಎಂಜಿನ್ನಿನ ವಿಮಾನ. ಬಾಲದ ಬಳಿ ಅಕ್ಷರಗಳು ಅರೆಬರೆ ಕಾಣುತ್ತಿವೆ.]

ಇದು ಡಕೋಟ, ಎರಡನೇ ಮಹಾಯುದ್ಧದ ಕಾಲದ ಸಾಗಣೆ ವಿಮಾನ. ಅಷ್ಟು ಎಲ್ಲರಿಗೂ ಗೊತ್ತಾಗುತ್ತದೆ. ಯಾವ ಡಕೋಟ? ಜಗಳ ಶುರುವಾಗುವುದೇ ಅಲ್ಲಿ.

ಈ ಚಾನೆಲ್‌ಗೆ ಬರುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವುದು ಒಂದೇ: "ಮನೆಯಲ್ಲಿ ಹಳೆ ಏರ್‌ಶೋ ಫೋಟೊಗಳು ಉಂಟು, ಹಂಚಬೇಕು, ಕೆಳಗೆ ಎಂತ ಬರೆಯುವುದು?" ಮಂಗಳೂರು, ಉಡುಪಿಯಲ್ಲಿ ಈ ಪ್ರಶ್ನೆ ಜಾಸ್ತಿ ಬರುವುದಕ್ಕೆ ಕಾರಣ ಇದೆ. ಇಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಅಲ್ಲಿಂದ ಬಂದ ಯಾಷಿಕಾ ಕ್ಯಾಮೆರಾ, ದುಬೈ ಏರ್‌ಶೋದ ಒಂದು ರೋಲ್, ಯಲಹಂಕದ ಒಂದು ರೋಲ್, ಎಲ್ಲ ಒಂದೇ ಆಲ್ಬಮ್ಮಿನಲ್ಲಿ. ಮೇಲೆ ಇಪ್ಪತ್ತು-ಮೂವತ್ತು ಮಳೆಗಾಲದ ಬೂಷ್ಟು.

ಮೊದಲು ಸ್ಕ್ಯಾನಿಂಗ್ ಬೇಗ ಬೇಗ ಮುಗಿಸುವ. ನನಗೆ ಹೇಳಲಿಕ್ಕಿರುವುದು ಬೇರೆಯೇ ಉಂಟು.

ಮಳೆ ಸುರಿಯುವ ಆಟಿ ತಿಂಗಳಲ್ಲಿ ಆಲ್ಬಮ್ ಬಿಚ್ಚಬೇಡಿ. ಗಾಳಿಯೇ ಒದ್ದೆ ಇರುವಾಗ ಫೋಟೊದ ಜೆಲಟಿನ್ ಪದರ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಅಂಟಿರುತ್ತದೆ, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಜನವರಿ, ಫೆಬ್ರವರಿ ಒಳ್ಳೆಯದು. ಕಾಯಲಿಕ್ಕೆ ಆಗದಿದ್ದರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಐದು ಲೀಟರಿನ ಡಬ್ಬಕ್ಕೆ 200 ಗ್ರಾಂ ಧಾರಾಳ ಸಾಕು. ಅದಕ್ಕಿಂತ ಹೆಚ್ಚು ದಿನ ಬೇಡ, ಅತಿಯಾಗಿ ಒಣಗಿದರೆ ಪ್ರಿಂಟ್ ಸುರುಳಿ ಸುತ್ತಿ ಬಿರುಕು ಬಿಡುತ್ತದೆ. ಕಪಾಟಿನಲ್ಲಿ ಹಾಕುವ ನಾಫ್ತಲೀನ್ ಗುಳಿಗೆ ತೇವ ಹೀರುವುದಿಲ್ಲ, ಅದನ್ನು ನಂಬಬೇಡಿ.

ಬೂಷ್ಟು ಹಿಡಿದಿದ್ದರೆ ನೀರು ಮುಟ್ಟಿಸಲೇಬೇಡಿ. ಬೂಷ್ಟು ಜೆಲಟಿನ್ ತಿಂದ ಜಾಗ ನೀರಿನಲ್ಲಿ ಕರಗುವ ಹಾಗೆ ಆಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ಬೂಷ್ಟಿನ ಜೊತೆ ವಿಮಾನವೂ ಹೋಯಿತು. ಚೆನ್ನಾಗಿ ಒಣಗಿದ ಮೇಲೆ, ಮಾಸ್ಕ್ ಹಾಕಿಕೊಂಡು, ಹೊರಗೆ ಜಗಲಿಯಲ್ಲಿ ಕೂತು ಮೆತ್ತನೆಯ ಒಣ ಬ್ರಷ್‌ನಲ್ಲಿ ಉದುರಿಸಿ. ಫ್ರೇಮಿನ ಗಾಜಿಗೆ ಅಂಟಿದ ಫೋಟೊವನ್ನು ಕೀಳಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟು ಹಾಳೆಯ ಆಲ್ಬಮ್ಮಿನಿಂದ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರ ಸಾಕು. ಫೋಟೊದ ಬೆನ್ನಿಗೆ ತಾಗಿಸಿ ಗರಗಸದ ಹಾಗೆ ಆಚೀಚೆ ಎಳೆಯಬೇಕು.

[ತೆರೆಯ ಮೇಲೆ: ಪ್ರಿಂಟ್ 600 ಡಿಪಿಐ. ಚಿಕ್ಕ ಪ್ರಿಂಟ್ 1200. ನೆಗೆಟಿವ್ 2400ರಿಂದ 3200.]

ನಾಲ್ಕು-ಆರು ಇಂಚಿನ ಪ್ರಿಂಟನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಹಾಗೆ, ಸ್ಕ್ಯಾನ್ ಮಾಡಿದರೆ 2400 × 3600 ಪಿಕ್ಸೆಲ್ ಸಿಗುತ್ತದೆ. ಮಾಮೂಲಿ ಸ್ಟುಡಿಯೋ ಪ್ರಿಂಟಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುವುದೇ ಇಲ್ಲ. ನೆಗೆಟಿವ್ ಸಿಕ್ಕಿದರೆ ಪ್ರಿಂಟನ್ನು ಮರೆತುಬಿಡಿ, ಬಾಲದ ಅಕ್ಷರ ಓದಲು ಅದೇ ಗತಿ. ಕಪ್ಪು-ಬಿಳುಪು ನೆಗೆಟಿವ್ ಆದರೆ ಸ್ಕ್ಯಾನರಿನ ಧೂಳು ತೆಗೆಯುವ ಇನ್‌ಫ್ರಾರೆಡ್ ಆಯ್ಕೆ ಬಂದ್ ಮಾಡಿ. ಬೆಳ್ಳಿಯ ಕಣ ಆ ಕಿರಣವನ್ನು ತಡೆಯುತ್ತದೆ, ಯಂತ್ರ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸಲು ಹೊರಡುತ್ತದೆ. ಮೂಲ ಪ್ರತಿಯನ್ನು ಟಿಫ್ ಆಗಿ ಇಟ್ಟುಕೊಳ್ಳಿ, ಹಂಚಲು ಜೆಪೆಗ್. ಮತ್ತೆ ಬೆನ್ನನ್ನೂ ಸ್ಕ್ಯಾನ್ ಮಾಡಿ ಮಾರಾಯ್ರೆ! ಸ್ಟುಡಿಯೋದ ಮೊಹರು, ಪೆನ್ಸಿಲಿನ ತಾರೀಕು, ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಹೆಸರು, ಎಲ್ಲ ಇರುವುದು ಅಲ್ಲಿ. ಊಟಿಯಲ್ಲಿ ಉತ್ಪಾದನೆ ಶುರುವಾದದ್ದು 1967ರಲ್ಲಿ. ಹಾಗಾಗಿ ‘ಇಂದು’ ಕಾಗದದ ಫೋಟೊವನ್ನು 1955ರದ್ದು ಎಂದು ಯಾರಾದರೂ ಹೇಳಿದರೆ, ಪ್ರಿಂಟಂತೂ 1955ರದ್ದಲ್ಲ.

ಸ್ಕ್ಯಾನಿಂಗ್ ಆಯಿತು. ಈಗ ಅಸಲಿ ವಿಷಯ.

[ತೆರೆಯ ಮೇಲೆ: ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಮುಖಕ್ಕೆ ಬಣ್ಣ ಬರೆಯುತ್ತಿರುವ ಯಕ್ಷಗಾನ ವೇಷಧಾರಿ.]

ಏರ್‌ಶೋದಲ್ಲಿ ಹಾರುವ ಹಳೆಯ ವಿಮಾನವೆಂದರೆ ವೇಷ. ಚೌಕಿಯಲ್ಲಿ ಕೂತು ಬಣ್ಣ ಹಾಕಿಸಿಕೊಂಡೇ ರಂಗಕ್ಕೆ ಬಂದಿರುತ್ತದೆ. ಇವತ್ತು ಅರ್ಜುನ, ನಾಳೆ ಕರ್ಣ. ಫೋಟೊದ ಕೆಳಗೆ "ಅರ್ಜುನ" ಅಂತ ಬರೆದರೆ ತಪ್ಪಲ್ಲ, ಆದರೆ ಕಲಾವಿದರ ಹೆಸರು ಬಿಟ್ಟಿರಿ. ಕಲಾವಿದರ ಹೆಸರು ಮಾತ್ರ ಬರೆದರೆ ಪ್ರಸಂಗ ಯಾವುದೆಂದೇ ಗೊತ್ತಾಗುವುದಿಲ್ಲ. ಎರಡೂ ಬೇಕು.

ಇದಕ್ಕೆ ನನಗೆ ಅತ್ಯಂತ ಇಷ್ಟದ ಉದಾಹರಣೆ ವಾಯುಪಡೆಯ ಡಕೋಟ. ಸಂಖ್ಯೆ ವಿಪಿ 905. ಹೆಸರು ಏನು ಗೊತ್ತಲ್ಲ? ಪರಶುರಾಮ. ಹೌದು, ಕೊಡಲಿ ಬೀಸಿ ಕಡಲನ್ನು ಹಿಂದೆ ತಳ್ಳಿ ನಮ್ಮ ಕರಾವಳಿಯನ್ನು ಎತ್ತಿಕೊಟ್ಟನೆಂದು ನಾವು ಹೇಳಿಕೊಳ್ಳುವ ಅದೇ ಪರಶುರಾಮ. 2018ರ ಮೇ 4ರಂದು ಹಿಂಡನ್ ವಾಯುನೆಲೆಯಲ್ಲಿ ಈ ವಿಮಾನ ವಾಯುಪಡೆಯ ಹಳೆಯ ವಿಮಾನಗಳ ವಿಂಟೇಜ್ ಪಡೆಗೆ ಸೇರಿತು. ಅಲ್ಲಿ ಹಳೆಯ ತರಬೇತಿ ವಿಮಾನಗಳಾದ ಟೈಗರ್ ಮಾತ್ ಎಚ್‌ಯು-512, ಹಾರ್ವರ್ಡ್ ಎಚ್‌ಟಿ-291 ಮೊದಲೇ ಇದ್ದವು.

ವಿಪಿ 905 ಎಂದರೆ 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ಡಕೋಟದ ಸಂಖ್ಯೆ. ಹಾಗಾದರೆ ಇವತ್ತು ಹಾರುತ್ತಿರುವುದು ಅದೇ ವಿಮಾನವಾ? ಅಲ್ಲ! ಇದು ಆ ಕಾಲದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನಲ್ಲಿ ಕೆಎನ್ 397 ಆಗಿತ್ತು. ಆಮೇಲೆ ನಾಗರಿಕ ನೋಂದಣಿ ಪಡೆದು ದಶಕಗಳ ಕಾಲ ಜಿ-ಎಎಂಎಸ್‌ವಿ ಆಗಿ ಹಾರಿತು. ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ಕೊಂಡು, ಬ್ರಿಟನ್ನಿನಲ್ಲೇ ದುರಸ್ತಿ ಮಾಡಿಸಿ, ಡಕೋಟ ಹಾರಿಸುತ್ತಿದ್ದ ತಮ್ಮ ತಂದೆಯ ಗೌರವಾರ್ಥ ವಾಯುಪಡೆಗೆ ಕೊಟ್ಟರು. ಶ್ರೀನಗರದ ನೆನಪಿಗೆ ಈ ವಿಮಾನ ವಿಪಿ 905 ಸಂಖ್ಯೆಯನ್ನು ಬರೆಸಿಕೊಂಡಿತು. ಒಂದು ಜೀವ, ಮೂರು ವೇಷ.

ಈಗ ಆಲ್ಬಮ್ಮಿಗೆ ಬನ್ನಿ. ಇಂಗ್ಲೆಂಡಿನಲ್ಲಿ ಇದ್ದ ಯಾರೋ ಸಂಬಂಧಿಕರು 1990ರ ದಶಕದಲ್ಲಿ ಅಲ್ಲಿನ ಏರ್‌ಶೋಗೆ ಹೋಗಿ ತೆಗೆದ ಡಕೋಟದ ಫೋಟೊ ನಿಮ್ಮ ಕುಂದಾಪುರದ ಮನೆಯಲ್ಲಿ ಇರಬಹುದು. ಬಾಲದ ಬಳಿ ಜಿ-ಎಎಂಎಸ್‌ವಿ ಅಂತ ಕಂಡರೆ, ನಮಸ್ಕಾರ, ನಿಮ್ಮ ಕಪಾಟಿನಲ್ಲಿ ಪರಶುರಾಮ ಉಪನಯನಕ್ಕೂ ಮುಂಚಿನ ವೇಷದಲ್ಲಿ ಕೂತಿದ್ದಾನೆ. ಅದಕ್ಕೆ ಹೇಳುವುದು, ಅಕ್ಷರಗಳನ್ನು ಬರೆಯದೆ "ಹಳೆಯ ವಿಮಾನ, ತುಂಬ ಚಂದ" ಅಂತ ಹಾಕಬೇಡಿ ಎಂದು. ಹಾಗೆ ಹಾಕಿದ ಫೋಟೊ ಹುಡುಕುವವರಿಗೆ ಯಾವತ್ತೂ ಸಿಗುವುದಿಲ್ಲ. ಇದು 2018ರಲ್ಲಿ ಸೇರಿದ್ದನ್ನು ತಿರುಗಿಸಿಯೂ ಬಳಸಬಹುದು: ವಾಯುಪಡೆಯ ಬಣ್ಣದಲ್ಲಿ ವಿಪಿ 905 ಹಾರುತ್ತಿರುವ ಫೋಟೊ ಹಾಕಿ ಯಾರಾದರೂ 1996ರ ಏರೋ ಇಂಡಿಯಾ ಅಂದರೆ ನೀವು ನಗಬಹುದು.

ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಗೂ ಈ ಜಾತಿಯ ನಂಟು ಉಂಟು. 1951ರ ಡಿಸೆಂಬರ್ 25ರಂದು ನೆಹರು ಬಂದಿಳಿದು ನಿಲ್ದಾಣ ತೆರೆದದ್ದು ಡಗ್ಲಸ್ ಡಿಸಿ-3ರಲ್ಲಿ, ಅಂದರೆ ಡಕೋಟದ ಪ್ರಯಾಣಿಕ ರೂಪದಲ್ಲಿ. ಆ ಕಾಲದ ಫೋಟೊ ಸಿಕ್ಕಿದರೆ ಎಡಬದಿಯ ಹಿಂದಿನ ಬಾಗಿಲು ನೋಡಿ. ಲಾರಿಯೇ ಒಳಗೆ ಹೋದೀತು ಅನ್ನುವಷ್ಟು ಅಗಲದ ಜೋಡಿ ಬಾಗಿಲಿದ್ದರೆ ಅದು ಹುಟ್ಟಿನಲ್ಲಿ ಸೇನೆಯ ಸಿ-47, ಬ್ರಿಟನ್ನಿನವರು ಡಕೋಟ ಎಂದು ಕರೆದದ್ದು ಇದನ್ನೇ. ಯುದ್ಧ ಮುಗಿದ ಮೇಲೆ ಪ್ರಪಂಚದಾದ್ಯಂತ ಸಾವಿರಾರು ಸಿ-47ಗಳು ಸೀಟು ಹಾಕಿಸಿಕೊಂಡು ಪ್ರಯಾಣಿಕ ವಿಮಾನದ ವೇಷಕ್ಕೆ ಬಂದವು.

ವೇಷಧಾರಿಯನ್ನು ಗುರುತಿಸುವುದು ಹೇಗೆ? ಮೇಳದ ಹಿಂದೆ ತಿರುಗುವವರನ್ನು ಕೇಳಿ, ಮುಖದ ಬಣ್ಣ ನೋಡಿ ಅಲ್ಲ, ಹೆಜ್ಜೆ ನೋಡಿ ಹೇಳುತ್ತಾರೆ. ಇಲ್ಲಿಯೂ ಅದೇ. ಬಣ್ಣ ಬದಲಾಗುತ್ತದೆ, ಎಂಜಿನ್ ಮತ್ತು ರೆಕ್ಕೆ ಸುಳ್ಳು ಹೇಳುವುದಿಲ್ಲ.

[ತೆರೆಯ ಮೇಲೆ: ಎರಡು ವಿಮಾನಗಳ ಮೂತಿಯ ರೇಖಾಚಿತ್ರ, ಹೊಗೆ ಕೊಳವೆಗೆ ಕೆಂಪು ಬಾಣ.]

ಯುರೋಪಿನ ಏರ್‌ಶೋ ಫೋಟೊಗಳಲ್ಲಿ ಜರ್ಮನ್ ಶಿಲುಬೆ ಬರೆದ ಮೆಸರ್‌ಸ್ಮಿಟ್ 109 ಕಂಡರೆ ಮೂತಿಯ ಪಕ್ಕದ ಹೊಗೆ ಕೊಳವೆಗಳನ್ನು ನೋಡಿ. ಅಸಲಿಯಲ್ಲಿ ಎಂಜಿನ್ ತಲೆಕೆಳಗಾಗಿ ಕೂತಿರುತ್ತದೆ, ಹಾಗಾಗಿ ಕೊಳವೆಗಳ ಸಾಲು ಕೆಳಗೆ. ಸಾಲು ಮೇಲಿದ್ದರೆ ಅದು ಸ್ಪೇನಿನಲ್ಲಿ ಕಟ್ಟಿದ ಬುಚೋನ್. ಅದರ ಹೊಟ್ಟೆಯಲ್ಲಿರುವ ಎಂಜಿನ್ ಯಾವುದು? ರೋಲ್ಸ್ ರಾಯ್ಸ್ ಮರ್ಲಿನ್, ಅಂದರೆ ಎದುರಾಳಿ ಬ್ರಿಟನ್ನಿನ ಸ್ಪಿಟ್‌ಫೈರ್‌ಗೂ ಇದ್ದದ್ದು. ರಾವಣನ ಎದೆಯೊಳಗೆ ರಾಮನ ಹೃದಯ! ಅಮೆರಿಕದ ಶೋಗಳಲ್ಲಿ ಜಪಾನಿನ ಝೀರೋ ಎಂದು ಹಾರುವ ಎಷ್ಟೋ ವಿಮಾನಗಳು ಸಿನಿಮಾಕ್ಕಾಗಿ ರೂಪ ಬದಲಿಸಿದ ಹಾರ್ವರ್ಡ್ ತರಬೇತಿ ವಿಮಾನಗಳು. ರೆಕ್ಕೆಯ ಮುಂದಿನ ಅಂಚು ತುದಿಯ ಕಡೆಗೆ ಹೋದ ಹಾಗೆ ಚೆನ್ನಾಗಿ ಹಿಂದಕ್ಕೆ ಬಾಗಿದ್ದರೆ ಅನುಮಾನ ಪಡಿ.

ಕಪ್ಪು-ಬಿಳುಪಿನಲ್ಲಿ ಇನ್ನೊಂದು ಗುಂಡಿ ಉಂಟು, ಅನುಭವಸ್ಥರೂ ಬೀಳುತ್ತಾರೆ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಹಳದಿಯೂ ಕಪ್ಪಾಗಿಯೇ ಬರುತ್ತದೆ, ನೀಲಿ ಬೆಳ್ಳಗೆ ತೇಲುತ್ತದೆ. ಹಳದಿ ಬಳಿದ ಟೈಗರ್ ಮಾತ್ ಫೋಟೊದಲ್ಲಿ ಕಾಡುಬಣ್ಣದ ಯುದ್ಧವಿಮಾನದ ಹಾಗೆ ಕಾಣುತ್ತದೆ. ಈಗ ಒಂದು ಗುಂಡಿ ಒತ್ತಿದರೆ ಬಣ್ಣ ತುಂಬುವ ಆಪ್‌ಗಳಿವೆಯಲ್ಲ, ಅವು ಆ ಕಪ್ಪನ್ನು ನೋಡಿ ಖುಷಿಯಿಂದ ಕಡುಹಸಿರು ಬಳಿಯುತ್ತವೆ. ಜನ "ಅಬ್ಬಾ ಎಷ್ಟು ಸಹಜ" ಎನ್ನುತ್ತಾರೆ. ಚಿತ್ರ ಸ್ಪಷ್ಟ ಮಾಡುವ ಎಐ ಇನ್ನೂ ಅಪಾಯಕಾರಿ. ಮಸುಕಾದ 8 ಅದರ ಕೈಯಲ್ಲಿ ಬಿ ಆಗುತ್ತದೆ, ಇಲ್ಲದ ರಿವೆಟ್ ಹುಟ್ಟುತ್ತದೆ, ತಿರುಗುವ ಪ್ರೊಪೆಲರ್ ಸೀಲಿಂಗ್ ಫ್ಯಾನ್ ಬಂದ್ ಮಾಡಿದ ಹಾಗೆ ನಿಂತುಬಿಡುತ್ತದೆ. ಎರಡು ಅಲಗಿನ ಪ್ರೊಪೆಲರ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ 1/125 ಸೆಕೆಂಡಿನಲ್ಲಿ 96 ಡಿಗ್ರಿ ಸಾಗುತ್ತದೆ. ಅಂದರೆ ಎರಡೂ ಅಲಗು ಸೇರಿ ಅರ್ಧಕ್ಕಿಂತ ಹೆಚ್ಚು ವೃತ್ತವನ್ನು ಮಸುಕಾಗಿ ತುಂಬಲೇಬೇಕು. ಆ ಮಸುಕು ದೋಷವಲ್ಲ, ಸಾಕ್ಷಿ. ಅದನ್ನು ಅಳಿಸುವುದೆಂದರೆ ನನಗೆ ಕಂಬಳದ ಫೋಟೊದಿಂದ ಕೆಸರು ಒರೆಸಿದ ಹಾಗೆ.

ಸಮಯ ಆಗಿಯೇ ಹೋಯಿತು. ಉಳಿದದ್ದು ಓಟದಲ್ಲಿ.

[ತೆರೆಯ ಮೇಲೆ: ವರ್ಷ ಹಿಡಿಯುವ ಸುಳಿವುಗಳು]

ವರ್ಷ ಗೊತ್ತಿಲ್ಲದಿದ್ದರೆ ವಿಮಾನದ ಅಕ್ಕಪಕ್ಕ ನೋಡಿ. ವಾಯುಪಡೆಯ ಸಾಹಸ ಪ್ರದರ್ಶನದ ಸೂರ್ಯಕಿರಣ್ ತಂಡ ಕಿರಣ್ ವಿಮಾನದಲ್ಲಿದ್ದರೆ 1996ರಿಂದ 2011ರ ನಡುವೆ, ಹಾಕ್ ಆದರೆ 2015 ಅಥವಾ ಆಮೇಲೆ. ವಾಯುಪಡೆಯ ಸಾರಂಗ್ ತಂಡದ ಹೆಲಿಕಾಪ್ಟರ್‌ಗಳು ಇದ್ದರೆ 2003ಕ್ಕಿಂತ ಹಿಂದೆ ಹೋಗಬೇಡಿ. ಯಲಹಂಕದ ಏರೋ ಇಂಡಿಯಾ ಶುರುವಾದದ್ದು 1996ರಲ್ಲಿ. ದುಬೈ ಏರ್‌ಶೋ 1989ರಿಂದ ಬೆಸ ವರ್ಷಗಳಲ್ಲಿ, 2011ರವರೆಗೆ ಹಳೆಯ ವಿಮಾನ ನಿಲ್ದಾಣದಲ್ಲಿ, 2013ರಿಂದ ಅಲ್ ಮಕ್ತೂಮ್ ವಿಮಾನ ನಿಲ್ದಾಣದಲ್ಲಿ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಇದ್ದರೆ ಕಣ್ಣು ಮುಚ್ಚಿ ನಂಬಬೇಡಿ. ಬ್ಯಾಟರಿ ಬದಲಿಸಿದಾಗ ಅದು ಮೊದಲ ತಾರೀಕಿಗೆ ಹೋಗಿ ಕೂರುತ್ತಿತ್ತು, ಸರಿಮಾಡುವ ತಾಳ್ಮೆ ಯಾರಿಗಿತ್ತು? ಖಚಿತ ಇಲ್ಲದಿದ್ದರೆ "1996-2011ರ ನಡುವೆ" ಅಂತಲೇ ಬರೆಯಿರಿ, ಮರ್ಯಾದೆ ಹೋಗುವುದಿಲ್ಲ.

ನಮ್ಮ ವಿಮಾನಗಳ ನೋಂದಣಿಯ ಶುರುವಿನಲ್ಲಿರುವ ‘ವಿಟಿ’ ಎಂದರೆ ‘ವೈಸರಾಯ್ ಟೆರಿಟರಿ’ ಎಂದು ಕಮೆಂಟಿನಲ್ಲಿ ಹೇಳುವವರು ಬಂದೇ ಬರುತ್ತಾರೆ. ಅದು ಕಟ್ಟುಕತೆ. ಭಾರತಕ್ಕೆ ಸಿಕ್ಕ ರೇಡಿಯೋ ಗುರುತಿನ ಸಾಲು ವಿಟಿಎಯಿಂದ ವಿಡಬ್ಲ್ಯುಝಡ್ ವರೆಗೆ. ವಿಟಿ ಬಂದದ್ದು ಅಲ್ಲಿಂದ, ಹ್ಯಾಮ್ ರೇಡಿಯೋದವರ ‘ವಿಯು’ ಕೂಡ ಅದೇ ಸಾಲಿನದು.

ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳುಹಿಸಬೇಡಿ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿ, ಒಳಗೆ ಬರೆದಿಟ್ಟ ವಿವರವನ್ನೂ ಕಿತ್ತುಹಾಕುತ್ತದೆ. ಕಡತದ ಒಳಗೆ ಸ್ಕ್ಯಾನರ್ ಇವತ್ತಿನ ತಾರೀಕು ಬರೆದಿರುತ್ತದೆ, ಅದನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ಬದಲಿಸಿ, ಶೀರ್ಷಿಕೆಯನ್ನೂ ಅಲ್ಲೇ ತುಂಬಿ.

ಹಕ್ಕಿನ ವಿಷಯ: ಫೋಟೊದ ಹಕ್ಕು ತೆಗೆದವರದ್ದು, ಆಲ್ಬಮ್ ಇಟ್ಟುಕೊಂಡವರದ್ದಲ್ಲ. 2012ರ ತಿದ್ದುಪಡಿಯ ನಂತರ ಅವಧಿ ಅವರ ಜೀವಿತಕಾಲ ಮತ್ತು 60 ವರ್ಷ. ಹಣ ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಹಾಗಾಗಿ ಶೀರ್ಷಿಕೆಯಲ್ಲಿ ತೆಗೆದವರ ಹೆಸರು ಮೊದಲು, ಸ್ಕ್ಯಾನ್ ಮಾಡಿದವರದ್ದು ಆಮೇಲೆ. ಸಾರ್ವಜನಿಕರಿಗೆ ಬಿಟ್ಟ ದಿನದ ಏರ್‌ಶೋ ಫೋಟೊಗೆ ತಲೆಬಿಸಿ ಬೇಡ. ವಾಯುನೆಲೆಯ ಒಳಗಿನ ಹ್ಯಾಂಗರ್, ರಾಡಾರ್ ಕಾಣುವಂಥದ್ದನ್ನು ಮಾತ್ರ ಕೇಳದೆ ಹಾಕಬೇಡಿ.

[ತೆರೆಯ ಮೇಲೆ: ಮೊದಲಿನ ಪ್ರಿಂಟ್ ಮತ್ತೆ. ನಿಧಾನವಾಗಿ ಬಾಲದ ಅಕ್ಷರಗಳ ಕಡೆ ಝೂಮ್.]

ಈ ಫೋಟೊ 1200 ಡಿಪಿಐಯಲ್ಲಿ ಇಷ್ಟು ಕಾಣುತ್ತದೆ: ಜಿ, ಗೀಟು, ಎ, ಎಂ, ಆಮೇಲೆ ಎಸ್ ಇರಬಹುದು, 5 ಅಲ್ಲ, ಏಕೆಂದರೆ ಬ್ರಿಟನ್ನಿನ ನೋಂದಣಿಯಲ್ಲಿ ಗೀಟಿನ ನಂತರ ನಾಲ್ಕೂ ಅಕ್ಷರಗಳೇ. ಕೊನೆಯ ಅಕ್ಷರದ ಮೇಲೆ ಬೂಷ್ಟು ಕೂತಿದೆ. ಇದರ ನೆಗೆಟಿವ್ ಬೇಕು.