ದೇವರೊಡನೆ ವಾದಕ್ಕೆ ನಿಂತವರು

ಕೇಳುಗರೇ, ನಮಸ್ಕಾರ.

ಬೇರೆಯವರಿಗಾಗಿ ಪ್ರಾರ್ಥನೆ ಮಾಡುವುದು ಅಂದರೆ ಕೈಮುಗಿದು ಮೆಲ್ಲಗೆ ಬೇಡಿಕೊಳ್ಳುವುದು ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಯೆಹೂದ್ಯರ ಪವಿತ್ರ ಗ್ರಂಥಗಳನ್ನು ಓದಿ ನೋಡಿ. ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವುದೂ ಇವನ್ನೇ. ಅಲ್ಲಿ ಬೇಡುವವರು ವಾದಕ್ಕೇ ನಿಲ್ಲುತ್ತಾರೆ. ದೇವರು ಅದನ್ನು ತಡೆಯುವುದಿಲ್ಲ. ಯಾರಾದರೂ ಬಂದು ವಾದಿಸಲಿ ಎಂದು ಕಾಯುತ್ತಿದ್ದಾನೇನೋ ಅನ್ನಿಸುತ್ತದೆ.

ಮೊದಲು ಯೆಹೂದ್ಯರ ಮೂಲಪುರುಷ ಅಬ್ರಹಾಮ. ಸೊದೋಮ್ ಪಟ್ಟಣದ ಪಾಪ ಹೆಚ್ಚಾಗಿದೆ, ಅದು ನಾಶವಾಗಲಿದೆ. ಆದರೆ ನಾಶಕ್ಕೆ ಮುಂಚೆ ದೇವರೇ, ನಾನು ಮಾಡಲಿರುವುದನ್ನು ಅಬ್ರಹಾಮನಿಗೆ ಮುಚ್ಚಿಡಲೇ ಎಂದು ಯೋಚಿಸುತ್ತಾನೆ. ಹೇಳಿದ ಮೇಲೆ ಅಬ್ರಹಾಮ ಸುಮ್ಮನಿರುತ್ತಾನೆಯೇ? ಊರಲ್ಲಿ 50 ಮಂದಿ ನೀತಿವಂತರಿದ್ದರೂ ನಾಶ ಮಾಡುವೆಯಾ ಎಂದು ಶುರು ಮಾಡಿ, 45, 40, 30, 20 ಎಂದು ಇಳಿಸುತ್ತಾ ಕೊನೆಗೆ 10ಕ್ಕೆ ತಂದು ನಿಲ್ಲಿಸುತ್ತಾನೆ. ನಾನು ಬರೀ ಮಣ್ಣು, ಬೂದಿ ಎಂದೂ ಹೇಳುತ್ತಾನೆ, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ನಡೆಸಬಾರದೇ ಎಂದೂ ಕೇಳುತ್ತಾನೆ. ಸೊದೋಮಿನಲ್ಲಿ ಅವನ ಸಹೋದರನ ಮಗ ಲೋಟನಿದ್ದ. ಆದರೂ ಅವನೊಬ್ಬನನ್ನು ಬಿಡು ಎಂದು ಕೇಳಲಿಲ್ಲ, ಇಡೀ ಊರನ್ನು ಉಳಿಸು ಎಂದ. ಆ 10 ಜನ ಸಿಗಲಿಲ್ಲ, ಊರು ಉಳಿಯಲಿಲ್ಲ.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದವನು ಮೋಶೆ, ಅಬ್ರಹಾಮನ ವಂಶದ ಜನರನ್ನು ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡಿಸಿ ತಂದವನು. ಅವನು ಸೀನಾಯಿ ಬೆಟ್ಟದ ಮೇಲಿದ್ದಾಗ ಕೆಳಗೆ ಜನ ಚಿನ್ನದ ಕರು ಮಾಡಿಕೊಂಡು ಪೂಜೆಗೆ ನಿಂತರು. ಮಾಡಿಕೊಟ್ಟವನು ಅವನ ಸ್ವಂತ ಅಣ್ಣ ಆರೋನ. ಆಗ ದೇವರು ಮೋಶೆಗೆ ಹೇಳುತ್ತಾನೆ, ನನ್ನನ್ನು ತಡೆಯಬೇಡ, ಇವರನ್ನು ನಾಶ ಮಾಡಿ ನಿನ್ನಿಂದಲೇ ದೊಡ್ಡ ಜನಾಂಗ ಬೆಳೆಸುತ್ತೇನೆ. ಈ ಮಾತನ್ನು ನಿಧಾನವಾಗಿ ಕೇಳಿಸಿಕೊಳ್ಳಿ. ಮೋಶೆ ಇನ್ನೂ ಬಾಯೇ ತೆರೆದಿಲ್ಲ, ತಡೆಯಬೇಡ ಅಂದರೆ ಏನರ್ಥ? ತಡೆಯುವ ಶಕ್ತಿ ನಿನಗಿದೆ ಎಂದು ದೇವರೇ ಬಾಗಿಲು ತೋರಿಸಿದ ಹಾಗೆ. ಯೆಹೂದಿ ಗುರುಗಳೂ ಇದನ್ನು ಹೀಗೇ ಓದಿದ್ದಾರೆ. ಮೋಶೆ ಒಳಗೆ ನುಗ್ಗಿಯೇಬಿಟ್ಟ. ಬೆಟ್ಟದಲ್ಲಿ ಕೊಲ್ಲುವುದಕ್ಕೇ ಕರೆದುಕೊಂಡು ಹೋದ ಎಂದು ಐಗುಪ್ತದವರು ಆಡಿಕೊಳ್ಳುವುದಿಲ್ಲವೇ? ನಿನ್ನ ಸಂತತಿಯನ್ನು ಹೆಚ್ಚಿಸಿ ನಾಡು ಕೊಡುತ್ತೇನೆ ಎಂದು ಅಬ್ರಹಾಮನಿಗೆ ಕೊಟ್ಟ ಮಾತು ಏನಾಯಿತು? ಆಮೇಲೆ ಇನ್ನೂ ಮುಂದೆ ಹೋಗಿ, ಇವರನ್ನು ಕ್ಷಮಿಸು, ಇಲ್ಲದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸಿಬಿಡು ಎಂದ. ತನ್ನ ಸಂತತಿಗೆ ಬರಬಹುದಾಗಿದ್ದ ದೊಡ್ಡತನವನ್ನು ಕೈಬಿಟ್ಟು, ತಪ್ಪು ಮಾಡಿದವರ ಜೊತೆಗೇ ನಿಂತ.

ದೇವರು ಮನಸ್ಸು ಬದಲಿಸಿದ. ಹಾಗಂತ ಎಲ್ಲವೂ ಅಳಿಸಿಹೋಗಲಿಲ್ಲ. ಅದೇ ದಿನ ಪಾಳೆಯದಲ್ಲಿ ಸುಮಾರು 3000 ಜನ ಸತ್ತರು. ಮುಂದೊಮ್ಮೆ ಜನ ದಂಗೆ ಎದ್ದಾಗಲೂ ಮೋಶೆ ಕೇಳಿದ, ಕ್ಷಮೆ ಸಿಕ್ಕಿತು, ಆದರೆ ಆ ತಲೆಮಾರಿನ ಬಹುಪಾಲು ಜನ ದೇವರು ಕೊಡುತ್ತೇನೆಂದಿದ್ದ ಆ ನಾಡನ್ನು ಕಾಣದೆ ಅಡವಿಯಲ್ಲೇ ಮಣ್ಣಾದರು. ಇಲ್ಲಿ ಕರುಣೆ ಅಗ್ಗದ್ದಲ್ಲ.

ಬಾಗಿಲು ಮುಚ್ಚಿದ ಕಾಲವೂ ಬಂತು. ಯೆರೂಸಲೇಮ್ ಬಾಬಿಲೋನಿನವರ ಕೈಗೆ ಬೀಳುವ ಮುಂಚೆ, ಈ ಜನರಿಗಾಗಿ ಪ್ರಾರ್ಥಿಸಬೇಡ ಎಂದು ಪ್ರವಾದಿ ಯೆರೆಮೀಯನಿಗೆ ದೇವರು ಮತ್ತೆ ಮತ್ತೆ ಹೇಳಿದ. ಮೋಶೆ, ಹಿಂದಿನ ಪ್ರವಾದಿ ಸಮುವೇಲ ಬಂದು ನಿಂತರೂ ಆಗದು ಎಂದ. ಹಾಗೆ ಹೇಳಿಸಿಕೊಂಡೂ ಯೆರೆಮೀಯ ತನ್ನ ಜನರಿಗಾಗಿ ಅತ್ತ, ಬೇಡಿದ. ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ಇನ್ನೊಬ್ಬ ಪ್ರವಾದಿ ಯೋನನದು ಪೂರ್ತಿ ತಿರುಗಾಮುರುಗಾ. ದೇವರು ಕಳಿಸಿದಾಗ ಮೊದಲು ಓಡಿಹೋಗಿ, ಆಮೇಲೆ ಅವನು ಹೋದದ್ದು ಶತ್ರುಗಳಾದ ಅಶ್ಶೂರದವರ ನಿನೆವೆ ಪಟ್ಟಣಕ್ಕೆ, ನಾಶ ಬರಲಿದೆ ಎಂದು ಸಾರುವುದಕ್ಕೆ. ಜನ ಪಶ್ಚಾತ್ತಾಪಪಟ್ಟರು, ದೇವರು ಕ್ಷಮಿಸಿದ. ಯೋನನಿಗೆ ಸಿಟ್ಟು ಬಂತು. ನೀನು ಕರುಣಾಳು, ಬೇಗ ಕೋಪಗೊಳ್ಳದವನು ಎಂದು ನನಗೆ ಗೊತ್ತಿತ್ತು, ಅದಕ್ಕೇ ಮೊದಲು ಓಡಿಹೋದೆ ಎಂದು ದೂರುತ್ತಾನೆ. ಚಿನ್ನದ ಕರುವಿನ ನಂತರ ಮೋಶೆಗೆ ಸಮಾಧಾನ ಕೊಟ್ಟ ಮಾತುಗಳೇ ಇವು! ಈ ಸಲ ಊರಿನ ಪರವಾಗಿ ಮಾತಾಡಬೇಕಾದವನು ಮಾತಾಡಲಿಲ್ಲ, ಹಾಗಾಗಿ ದೇವರೇ ಅವನ ಎದುರು ನಿನೆವೆಯ ಪರ ವಾದ ಮಾಡಬೇಕಾಯಿತು. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಜಾಸ್ತಿ ಜನ, ಬಹಳ ದನಕರುಗಳು ಇರುವ ಊರಿಗಾಗಿ ನಾನು ಮರುಗಬಾರದೇ ಎಂದು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತದೆ, ಯೋನನ ಉತ್ತರ ಅದರಲ್ಲಿಲ್ಲ. ಯೆಹೂದ್ಯರು ಪ್ರತಿ ವರ್ಷ ಪ್ರಾಯಶ್ಚಿತ್ತದ ದಿನ, ಉಪವಾಸದಲ್ಲಿದ್ದು, ಮಧ್ಯಾಹ್ನದ ಮೇಲೆ ಸಭಾಮಂದಿರದಲ್ಲಿ ಇದೇ ಪುಸ್ತಕವನ್ನು ಓದುತ್ತಾರೆ.

ನಮಸ್ಕಾರ.