ಇಜಕಾಯಾದಲ್ಲಿ ಗುಂಪಾಗಿ ಊಟಕ್ಕೆ ಕೂತಾಗ

[ದೃಶ್ಯ: ರಾತ್ರಿ, ಟೋಕಿಯೋದ ಒಂದು ಸಣ್ಣ ಬೀದಿ. ಬಾಗಿಲ ಪಕ್ಕ ಕೆಂಪು ಕಾಗದದ ಲಾಟೀನು.]

ನಮಸ್ಕಾರ. ಬಾಗಿಲಲ್ಲಿ ಇಂಥ ಕೆಂಪು ಲಾಟೀನು ತೂಗುತ್ತಿದ್ದರೆ ಅದು ಸಾಮಾನ್ಯವಾಗಿ ಇಜಕಾಯಾ. ಜಪಾನಿನಲ್ಲಿ ಆಫೀಸಿನವರು, ಗೆಳೆಯರು ಸಂಜೆ ಗುಂಪಾಗಿ ಹೋಗಿ ಕೂರುವ ಜಾಗ. ಕುಡಿಯುವುದೂ ಇಲ್ಲೇ, ಊಟವೂ ಇಲ್ಲೇ. ಬೆಂಗಳೂರಿನಿಂದ ಕೆಲಸಕ್ಕೆಂದು ಹೋದವರನ್ನು ಅಲ್ಲಿನ ಸಹೋದ್ಯೋಗಿಗಳು ಇಂಥ ಕಡೆ ಕರೆದೇ ಕರೆಯುತ್ತಾರೆ.

ನಮ್ಮ ಹೋಟೆಲುಗಳಲ್ಲಿ ನಿನಗೆ ಮಸಾಲೆ ದೋಸೆ, ನನಗೆ ಇಡ್ಲಿ ವಡೆ ಅಂತ ಹೇಳಿ ಮುಗಿಸುತ್ತೇವೆ, ಅಲ್ವಾ? ಇಲ್ಲಿ ಎಲ್ಲ ತಿಂಡಿಯೂ ಮೇಜಿನ ನಡುವೆ ಬರುತ್ತದೆ. ನಿಮ್ಮ ಮುಂದೆ ಇರುವುದು ಅಂಗೈ ಅಗಲದ ಖಾಲಿ ತಟ್ಟೆ. ಬೇಕಾದಷ್ಟು ಬಡಿಸಿಕೊಳ್ಳಬೇಕು.

[ದೃಶ್ಯ: ಮೇಜಿನ ಮೇಲೆ ಪುಟ್ಟ ಬಟ್ಟಲುಗಳು.]

ಕೂತ ಕೂಡಲೇ ಕೈ ಒರೆಸಲು ಒದ್ದೆ ಟವೆಲ್ ಕೊಡುತ್ತಾರೆ. ಜೊತೆಗೆ ಒಬ್ಬೊಬ್ಬರಿಗೂ ಒಂದು ಪುಟ್ಟ ಬಟ್ಟಲು. ನಾವು ಯಾರೂ ಕೇಳಿಲ್ಲ, ಆದರೂ ಬಂತು! ಇದು ಓತೋಶಿ. ಒಸಾಕಾ ಕಡೆ ತ್ಸುಕಿದಾಶಿ ಅಂತಾರೆ. ಇದು ಪುಕ್ಕಟೆ ಅಲ್ಲ. ತಲೆಗೆ 300ರಿಂದ 500 ಯೆನ್ ಬಿಲ್ಲಿಗೆ ಸೇರುತ್ತದೆ. ಕೂತ ಜಾಗದ ಬಾಡಿಗೆ ಅಂದುಕೊಳ್ಳಿ. ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ. ಹಾಗಾಗಿ ನನಗೆ ಇದು ಮೋಸ ಅನಿಸಲಿಲ್ಲ.

ಸಸ್ಯಾಹಾರಿಗಳಿಗೆ ತೊಂದರೆ ಶುರುವಾಗುವುದು ಈ ಬಟ್ಟಲಿನಿಂದಲೇ. ಅದರಲ್ಲಿ ಮೀನು ಇರಬಹುದು. ಬೇಯಿಸಿದ ತರಕಾರಿಯೇ ಇದ್ದರೂ ಅದು ದಾಶಿಯಲ್ಲಿ ಬೆಂದಿರಬಹುದು. ದಾಶಿ ಅಂದ್ರೆ ಕೊಂಬು ಎಂಬ ಕಡಲ ಪಾಚಿ ಮತ್ತು ಕತ್ಸುಓಬುಶಿ ಎಂಬ ಒಣಮೀನಿನ ಚೂರು ಹಾಕಿ ತೆಗೆದ ತಿಳಿ ಸಾರು. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ಮಿಸೋ ಸೂಪಿನಲ್ಲಿ ಇರುತ್ತದೆ, ನಮ್ಮ ಬಜ್ಜಿಯಂಥ ಟೆಂಪುರಾ ಅದ್ದಿಕೊಳ್ಳುವ ರಸದಲ್ಲೂ ಇರುತ್ತದೆ. ಕಣ್ಣಿಗೆ ಮಾತ್ರ ಕಾಣುವುದಿಲ್ಲ. ‘ಮಾಂಸ ತಿನ್ನಲ್ಲ’ ಅಂದರೆ ಬಡಿಸುವವರಿಗೆ ದಾಶಿ ನೆನಪಿಗೇ ಬರದಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಬರೀ ರುಚಿ.

ಹಾಗಾದರೆ ಏನು ಮಾಡಬೇಕು? ಮೇಜಿಗೆ ಬಂದ ಮೇಲೆ ಹೇಳಿದರೆ ತಡ. ಇಂಥ ಕೂಟಕ್ಕೆ ಸಾಮಾನ್ಯವಾಗಿ ಒಬ್ಬ ಕಂಜಿ ಇರುತ್ತಾರೆ. ಜಾಗ ಕಾದಿರಿಸುವುದು, ಊಟ ಗೊತ್ತು ಮಾಡುವುದು, ಕೊನೆಗೆ ದುಡ್ಡು ಒಟ್ಟು ಮಾಡುವುದು ಎಲ್ಲ ಅವರದೇ ಹೊಣೆ. ಕೆಲವು ದಿನ ಮೊದಲೇ ಅವರಿಗೆ ಬರೆದು ಕಳಿಸಿ: ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ. ಮೊಟ್ಟೆಯ ವಿಷಯ ಬೇರೆಯಾಗಿ ಬರೆಯಿರಿ. ಟೆಂಪುರಾ ಹಿಟ್ಟಿಗೆ ಮೊಟ್ಟೆ ಹಾಕುವುದುಂಟು.

‘ನನ್ನೊಬ್ಬನಿಗಾಗಿ ಯಾಕೆ ಅವರಿಗೆ ತೊಂದರೆ’ ಅಂತ ಸುಮ್ಮನಿರಬೇಡಿ. ಎಲ್ಲರೂ ನಗುನಗುತ್ತಾ ತಿನ್ನುವಾಗ ನೀವೊಬ್ಬರೇ ಖಾಲಿ ತಟ್ಟೆ ಇಟ್ಟುಕೊಂಡು ಕೂತರೆ ಕಂಜಿಗೆ ಆಗುವ ನೋವು ಜಾಸ್ತಿ. ನಾನು ಹಾಗೆ ಕೂತಿದ್ದೇನೆ. ಪಾಪ, ಅವರು ಅವತ್ತು ನನ್ನಲ್ಲಿ ಮೂರು ಸಲ ಕ್ಷಮೆ ಕೇಳಿದರು.

ಆದರೂ ತಕ್ಷಣಕ್ಕೆ ಏನಾದರೂ ಬೇಕಾದರೆ ಎದಮಾಮೆ ಕೇಳಿ. ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ. ನಮ್ಮ ಅವರೆಕಾಯಿಯ ಹಾಗೆ ಬಿಡಿಸಿ ತಿನ್ನುವುದೇ ಒಂದು ಸುಖ. ಹಿಯಾಯಾಕ್ಕೋ ಅಂದರೆ ತಣ್ಣನೆಯ ತೋಫು. ಮೇಲೆ ಮೀನಿನ ಚೂರು ಉದುರಿಸಿರುತ್ತಾರೆ, ‘ಕತ್ಸುಓಬುಶಿ ನುಕಿ ದೆ’ ಅಂದರೆ ಅದನ್ನು ಬಿಟ್ಟು ಕೊಡುತ್ತಾರೆ. ಸುಟ್ಟ ತರಕಾರಿಗೆ ‘ಶಿಯೋ’ ಅನ್ನಿ, ಬರೀ ಉಪ್ಪು ಹಾಕುತ್ತಾರೆ.

[ದೃಶ್ಯ: ಗ್ಲಾಸುಗಳು ತಾಗುತ್ತವೆ.]

ಎಲ್ಲರ ಗ್ಲಾಸೂ ಬಂದು ‘ಕಂಪಾಯ್’ ಅನ್ನುವವರೆಗೆ ಯಾರೂ ಗುಟುಕು ಹಾಕುವುದಿಲ್ಲ. ಕುಡಿಯದವರು ಊಲಾಂಗ್ ಟೀ ಎತ್ತಿದರೆ ಸಾಕು. ಪಕ್ಕದವರ ಗ್ಲಾಸು ತುಂಬಿಸಿ, ನಿಮ್ಮದನ್ನು ಅವರು ತುಂಬಿಸುತ್ತಾರೆ. ನೋಮಿಹೋದಾಯ್ ಅಂದರೆ ಒಂದೇ ದರಕ್ಕೆ ಎಷ್ಟು ಬೇಕಾದರೂ ಕುಡಿಯಬಹುದು, ಹೆಚ್ಚಾಗಿ ಎರಡು ಗಂಟೆ. ಇದನ್ನು ತೆಗೆದುಕೊಂಡರೆ ಮೇಜಿನವರೆಲ್ಲ ತೆಗೆದುಕೊಳ್ಳಬೇಕು ಅನ್ನುವ ಅಂಗಡಿಗಳು ಬಹಳ. ಅರ್ಧ ಜನ ಕುಡಿಯದಿದ್ದರೆ ಇದರಿಂದ ನಷ್ಟವೇ.

ಇನ್ನು ಎಂಜಲಿನ ಮಾತು. ನಮ್ಮವರು ಕೇಳಲು ನಾಚುವ ಪ್ರಶ್ನೆ ಇದು. ಜಪಾನಿನವರಿಗೂ ಇದರ ಬಗ್ಗೆ ಎಚ್ಚರ ಇದೆ. ಬಡಿಸಿಕೊಳ್ಳಲು ಬೇರೆ ಚಾಪ್‌ಸ್ಟಿಕ್ ಇರುತ್ತದೆ, ಅದು ತೋರಿಬಾಶಿ. ಕಾಣದಿದ್ದರೆ ಕೇಳಿ, ತಂದುಕೊಡುತ್ತಾರೆ. ಸ್ವಂತ ಕಡ್ಡಿಯನ್ನೇ ಹಾಕುವುದು ಆಪ್ತರ ನಡುವೆ ನಡೆಯುತ್ತದೆ.

ಆದರೆ ಚಾಪ್‌ಸ್ಟಿಕ್‌ನಿಂದ ಚಾಪ್‌ಸ್ಟಿಕ್‌ಗೆ ತುತ್ತು ದಾಟಿಸಲೇಬೇಡಿ. ಶವ ಸುಟ್ಟ ಮೇಲೆ ಮನೆಯವರು ಮೂಳೆಗಳನ್ನು ಎತ್ತುವುದು ಹಾಗೆ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿಡುವುದೂ ಸತ್ತವರಿಗೆ ಇಡುವ ಅನ್ನದಲ್ಲೇ. ಪಿಂಡದ ಅನ್ನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಲ್ಲನ್ನು ಹೆಚ್ಚಾಗಿ ಸಮನಾಗಿ ಹಂಚಿಕೊಳ್ಳುತ್ತಾರೆ, ಅದು ವಾರಿಕಾನ್. ಬಾಗಿಲ ಹತ್ತಿರ ಕಂಜಿ ಒಬ್ಬರೇ ಕಟ್ಟುತ್ತಾರೆ. ನಿಮ್ಮ ಪಾಲನ್ನು ಅವರಿಗೆ ಕೊಡಲು ಚಿಲ್ಲರೆ ಇಟ್ಟುಕೊಂಡು ಹೋಗಿ.

[ದೃಶ್ಯ: ತಟ್ಟೆಯಲ್ಲಿ ಒಂದೇ ಒಂದು ತುಂಡು.]

ಏಳುವ ಮೊದಲು ಮೇಜು ನೋಡಿ. ತಟ್ಟೆಯಲ್ಲಿ ಒಂದೇ ತುಂಡು ಉಳಿದಿರುತ್ತದೆ. ಎಲ್ಲರಿಗೂ ಆಸೆ, ಯಾರೂ ಕೈ ಹಾಕುವುದಿಲ್ಲ. ಇದಕ್ಕೆ ಒಸಾಕಾ ಕಡೆ ಒಂದು ಹೆಸರಿದೆ: ಎನ್ರ್ಯೋ ನೋ ಕತಾಮಾರಿ. ನಮ್ಮ ಮಾತಲ್ಲಿ ದಾಕ್ಷಿಣ್ಯದ ಮುದ್ದೆ! ನಮ್ಮ ಮನೆಗಳಲ್ಲೂ ಕೊನೆಯ ಹೋಳಿಗೆ ಹೀಗೇ ಉಳಿಯುತ್ತದೆ. ಯಾರಾದರೂ ತಟ್ಟೆಯನ್ನು ನಿಮ್ಮ ಕಡೆ ಸರಿಸಿ ‘ದೋಜೋ’ ಅಂದರೆ, ಒಮ್ಮೆ ಬೇಡ ಅನ್ನಿ. ಎರಡನೇ ಸಲ ಅಂದರೆ ‘ಇತದಾಕಿಮಾಸ್’ ಅಂತ ಹೇಳಿ ತಿಂದುಬಿಡಿ.